ಸ್ಯಾಕ್ಸೋಫೋನು ಕಲಿಯುವ ಹುಡುಗಿಯ ಮೊದಲ ವರುಷ

ನಮ್ಮ ಶಾಲೆಯ ಬ್ಯಾಂಡನ್ನು ಸ್ವಾತಂತ್ರ್ಯ ದಿನದ ಕವಾಯತಿನಲ್ಲಿಯೂ ವಾರ್ಷಿಕೋತ್ಸವದಲ್ಲಿಯೂ ಕೇಳಿ ಸಂತೋಷಪಟ್ಟ ಪೋಷಕರು ಅನೇಕರಿದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಹಲವರು ಈ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸಿದವರು, ಕೊಳಲು ಊದಿದವರು. ಆದರೂ ಸ್ಯಾಕ್ಸೋಫೋನಿನ ವಿಷಯದಲ್ಲಿ ಮನೆಗಳಲ್ಲಿ ತಪ್ಪು ತಿಳುವಳಿಕೆ ಬಹಳವಿರುವದು. ಜೂನ್ ತಿಂಗಳಲ್ಲಿ ಆ ವಾದ್ಯವೇ ಬೇಕೆಂದು ಕೈಯೆತ್ತುವ ಹುಡುಗಿಯರಿಗೆ ಕೊರತೆಯಿಲ್ಲ. ಕ್ರಿಸ್ಮಸ್ ರಜೆಯ ಹೊತ್ತಿಗೆ ಅವರಲ್ಲಿ ಕೆಲವರು ಪೆಟ್ಟಿಗೆಯನ್ನು ತಂದು ಮೌನವಾಗಿ ಆಫೀಸಿನಲ್ಲಿ ಇಟ್ಟುಹೋಗುತ್ತಾರೆ. ಇವರು ಮಂದಬುದ್ಧಿಯವರೂ ಅಲ್ಲ, ಸೋಮಾರಿಗಳೂ ಅಲ್ಲ. ವಿಚಾರಿಸಿದರೆ ಹೆಚ್ಚಾಗಿ ಮನೆಯವರ ಬೇಸರವೇ ಕಾರಣವೆಂದು ತಿಳಿದುಬರುವದು. ಆದುದರಿಂದ ಈ ವಾದ್ಯವು ಎಂಥದು, ಅದನ್ನು ಕಲಿಯುವದೆಂದರೇನು, ಮೊದಲ ವರುಷ ಯಾಕೆ ಅಷ್ಟು ಕಠಿಣವಾಗಿರುವದು ಎಂಬದನ್ನು ವಿವರಿಸಿದರೆ ಮುಂದಿನ ಡಿಸೆಂಬರಿನಲ್ಲಿ ಒಂದೆರಡು ಪೆಟ್ಟಿಗೆಗಳಾದರೂ ಮನೆಯಲ್ಲಿಯೇ ಉಳಿದಾವು.

ಬೆಲ್ಜಿಯಮ್ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬವರು ವಾದ್ಯಗಳನ್ನು ತಯಾರಿಸುವವರ ಮಗ. ಅವರು ಪ್ಯಾರಿಸಿಗೆ ಹೋಗಿ ನೆಲಸಿ, ತಾವು ಕಂಡುಹಿಡಿದ ಈ ವಾದ್ಯಕ್ಕೆ 1846ರಲ್ಲಿ ಹಕ್ಕುಪತ್ರವನ್ನು ಪಡೆದರು. ಬಯಲಿನಲ್ಲಿ ನುಡಿಸುವ ಸೈನ್ಯದ ಬ್ಯಾಂಡಿನಲ್ಲಿ ಹಿತ್ತಾಳೆಯ ತುತ್ತೂರಿಗಳ ಗಟ್ಟಿತನಕ್ಕೂ ಮರದ ವಾದ್ಯಗಳ ಮೃದುತ್ವಕ್ಕೂ ನಡುವೆ ಒಂದು ಧ್ವನಿ ಬೇಕಾಗಿತ್ತು. ಅದಕ್ಕಾಗಿ ಹುಟ್ಟಿದ ವಾದ್ಯವಿದು. 1857ರಿಂದ 1870ರ ವರೆಗೆ ಪ್ಯಾರಿಸಿನ ಸಂಗೀತ ಶಾಲೆಯಲ್ಲಿ ಸೈನ್ಯದ ಶಿಷ್ಯರಿಗೆ ಸ್ಯಾಕ್ಸರು ತಾವೇ ಪಾಠ ಹೇಳಿದರು. ಹಾಗಾಗಿ ಬ್ಯಾಂಡಿನ ವಿದ್ಯಾರ್ಥಿಯ ಕೈಯಲ್ಲಿ ಈ ವಾದ್ಯವು ಇರುವದು ಅದರ ಮೊದಲಿನಿಂದಲೂ ಬಂದ ಕ್ರಮ.

ಮೈಯೆಲ್ಲ ಹಿತ್ತಾಳೆಯಾಗಿದ್ದರೂ ಇದನ್ನು ಮರದ ವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಯಾಕಂದರೆ ಇಲ್ಲಿ ಧ್ವನಿ ಹುಟ್ಟುವದು ಲೋಹದಿಂದಲ್ಲ. ಬಾಯಿಯ ತುದಿಯಲ್ಲಿರುವ ರೀಡು ಎಂಬ ಸಣ್ಣ ಬೆತ್ತದಂಥ ಚಕ್ಕೆಯ ನಡುಕದಿಂದ. ಅರುಂಡೋ ಡೋನಾಕ್ಸ್ ಎಂಬ ಜೊಂಡಿನ ದಂಟನ್ನು ಒಣಗಿಸಿ, ಸೀಳಿ, ತುದಿಯನ್ನು ಕಾಗದದಷ್ಟು ತೆಳುವಾಗಿ ಕೆತ್ತಿ ಅದನ್ನು ಮಾಡುತ್ತಾರೆ. ನಮ್ಮ ನಾಗಸ್ವರದಲ್ಲಿ ಎರಡು ಪದರುಗಳು ಒಂದಕ್ಕೊಂದು ತಗಲಿ ನಡುಗುವವು. ಇಲ್ಲಿ ಒಂದೇ ಪದರು, ಅದು ಮೌತ್‌ಪೀಸಿನ ಅಂಚಿಗೆ ತಗಲಿ ನಡುಗುವದು.

ನಾಗಸ್ವರದ ಹೆಸರನ್ನು ಎತ್ತಿದ ಮೇಲೆ ಕದ್ರಿ ಗೋಪಾಲನಾಥರನ್ನು ನೆನೆಯದೆ ಮುಂದೆ ಹೋಗಲಾಗದು. 1949ರಲ್ಲಿ ಬಂಟ್ವಾಳ ತಾಲೂಕಿನಲ್ಲಿ ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತು, ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರ ಬಳಿಯಲ್ಲಿ ಅಭ್ಯಾಸಮಾಡಿದರು. ಕೀಗಳನ್ನು ಒತ್ತಿ ಒಂದೊಂದು ಸ್ವರವನ್ನು ಬಿಡಿಬಿಡಿಯಾಗಿ ನುಡಿಸುವ ಪಾಶ್ಚಾತ್ಯ ವಾದ್ಯದಲ್ಲಿ ಗಮಕವನ್ನು ಹೊರಡಿಸುವದು ಸಾಮಾನ್ಯ ಸಾಧನೆಯಲ್ಲ. ಅದಕ್ಕೆ ಅವರು ಅನೇಕ ವರುಷಗಳನ್ನು ಸಲ್ಲಿಸಿದರು. 1994ರಲ್ಲಿ ಲಂಡನಿನ ಬಿಬಿಸಿ ಪ್ರೊಮನೇಡ್ ಕಚೇರಿಯಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು, 2019ರಲ್ಲಿ ತೀರಿಕೊಂಡರು. ಇಂದು ದಕ್ಷಿಣ ಕನ್ನಡದ ಮದುವೆ ಮನೆಗಳಲ್ಲಿ ಸ್ಯಾಕ್ಸೋಫೋನು ಕೇಳದವರೇ ಇಲ್ಲ. ಆದರೂ "ಇದು ಗಂಡಸರ ವಾದ್ಯವಲ್ಲವೇ?" ಎಂದು ಕೇಳುವ ತಂದೆತಾಯಿಗಳಿದ್ದಾರೆ. ಕದ್ರಿಯವರ ಶಿಷ್ಯೆಯರಾದ ಸುಬ್ಬಲಕ್ಷ್ಮಿ, ಲಾವಣ್ಯ ಎಂಬ ಸಹೋದರಿಯರು ಕರ್ನಾಟಕ ಸಂಗೀತದ ವೇದಿಕೆಗಳಲ್ಲಿ ಜೊತೆಯಾಗಿ ನುಡಿಸಿ ಹೆಸರಾಗಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ, ಅಮೇರಿಕದ ಬೋಸ್ಟನ್ ನಗರದ ಎಲೀಸ್ ಹಾಲ್ ಎಂಬ ಮಹಿಳೆ ಪ್ರೌಢವಯಸ್ಸಿನಲ್ಲಿ ಇದನ್ನು ಕಲಿತು, ತಮಗೆ ನುಡಿಸಲು ಕೃತಿಗಳು ಸಾಲವೆಂದು ಫ್ರಾನ್ಸಿನ ಸಂಗೀತ ರಚಕರಿಂದ ಹೊಸವನ್ನು ಬರೆಯಿಸಿದರು. ಅವರಲ್ಲೊಬ್ಬರಾದ ಡೆಬ್ಯುಸಿ ಒಪ್ಪಿಕೊಂಡು ವರುಷಗಟ್ಟಲೆ ತಡಮಾಡಿ 1918ರಲ್ಲಿ ತೀರಿಹೋದರು. ಆ ಕೃತಿಯು 1919ರಲ್ಲಿ ಮೊದಲ ಸಲ ಕೇಳಿಸಿತು. ವಾದ್ಯಕ್ಕೆ ಬೇಕಾದದ್ದು ಉಸಿರು, ತುಟಿ, ಬೆರಳು, ಕಿವಿ. ಇವು ಹುಡುಗಿಯರಿಗೂ ಉಂಟು.

ಈಗ ಕಲಿಯುವ ವಿಷಯಕ್ಕೆ ಬರೋಣ. ಈ ವಾದ್ಯದಲ್ಲಿ ಒಂದು ಮೋಸವಿದೆ. ಪಿಟೀಲಿನಲ್ಲಿ ಸಹಿಸತಕ್ಕ ಧ್ವನಿ ಬರಲು ತಿಂಗಳುಗಳು ಹಿಡಿಯುವವು; ಕೊಳಲಿನಲ್ಲಿ ಮೊದಲ ದಿನ ಬರೀ ಗಾಳಿ. ಸ್ಯಾಕ್ಸೋಫೋನಾದರೋ ಮೊದಲನೆಯ ದಿನವೇ ಕೂಗುವದು, ಒಂದು ವಾರದಲ್ಲಿ ಮೂರು ಸ್ವರ, ಒಂದು ತಿಂಗಳಲ್ಲಿ ಒಂದು ಸಣ್ಣ ರಾಗ. ಹುಡುಗಿಯು ಹಿಗ್ಗುವಳು, ಮನೆಯವರು ನೆರೆಹೊರೆಯವರನ್ನು ಕರೆದು ಕೇಳಿಸುವರು. ಆಮೇಲೆ ನಾಲ್ಕು ತಿಂಗಳು ಕಳೆದರೂ ಅದೇ ಕರ್ಕಶ ಧ್ವನಿ. ಬೆರಳು ಮುಂದೆ ಹೋಗಿರುವದು, ನಾದವು ಹಿಂದೆ ಉಳಿದಿರುವದು. ಆಗಲೇ ಎಲ್ಲರಿಗೂ ಬೇಸರ ಹುಟ್ಟುವದು. ಆದರೆ ಬೆರಳಿನ ಪಾಠ ಬೇಗನೆ ಆಗುವಂಥದು, ತುಟಿಯ ಪಾಠ ನಿಧಾನವಾಗಿ ಆಗುವಂಥದು; ಹುಡುಗಿಯಲ್ಲಿ ಯಾವ ದೋಷವೂ ಇಲ್ಲ.

ತುಟಿಯ ಪಾಠವೆಂದರೆ ಇದು. ಮೇಲಿನ ಹಲ್ಲುಗಳು ಮೌತ್‌ಪೀಸಿನ ಮೇಲೆ ಹಗುರವಾಗಿ ಕೂಡಬೇಕು. ಕೆಳದುಟಿಯು ಕೆಳಹಲ್ಲಿನ ಮೇಲೆ ಸ್ವಲ್ಪ ಮಡಚಿ ರೀಡಿಗೆ ಮೆತ್ತೆಯಾಗಬೇಕು. ಬಾಯಿಯ ಎರಡು ಮೂಲೆಗಳೂ, ದಾರ ಎಳೆದ ಸಂಚಿಯ ಬಾಯಿಯಂತೆ, ಒಳಮುಖವಾಗಿ ಬಿಗಿಯಬೇಕು. ಕೆನ್ನೆ ಉಬ್ಬಕೂಡದು. ಹೊಸಬರೆಲ್ಲರೂ ಕೆಳಗಿನ ದವಡೆಯಿಂದ ಕಚ್ಚುತ್ತಾರೆ. ಕಚ್ಚಿದರೆ ರೀಡು ನಡುಗಲಾರದೆ ಧ್ವನಿಯು ಕಿರಿದಾಗಿ ಮೇಲೇರುವದು, ಒಮ್ಮೊಮ್ಮೆ ಬಾತುಕೋಳಿಯಂತೆ ಕಿರುಚುವದು. ಕಚ್ಚದೆ ಬಿಗಿಹಿಡಿಯುವ ಶಕ್ತಿಯು ಬಾಯಿಯ ಸುತ್ತಲಿನ ಸಣ್ಣ ಸ್ನಾಯುಗಳಿಗೆ ಬರಬೇಕಾದರೆ ದಿನವೂ ಸ್ವಲ್ಪ ಸ್ವಲ್ಪ ಊದಬೇಕು. ದಿನಕ್ಕೆ 20 ನಿಮಿಷ ಆರು ದಿನ ಊದಿದವಳು, ಭಾನುವಾರ ಮಾತ್ರ ಎರಡು ತಾಸು ಊದಿದವಳಿಗಿಂತ ಬಹಳ ಮುಂದೆ ಹೋಗುವಳು. ಆ 20 ನಿಮಿಷಗಳಲ್ಲಿಯೂ ಮೊದಲಿನ ಐದಾರು ನಿಮಿಷ ಒಂದೇ ಸ್ವರವನ್ನು ಎಂಟು ಎಣಿಕೆ, ಹನ್ನೆರಡು ಎಣಿಕೆ, ಹದಿನಾರು ಎಣಿಕೆಯ ವರೆಗೆ ಅಲುಗದೆ ಹಿಡಿಯಬೇಕು. ಮನೆಯವರಿಗೆ ಇದೇ ಅತ್ಯಂತ ಬೇಸರದ ಭಾಗ. ಎಲ್ಲಕ್ಕಿಂತ ಬೆಲೆಯುಳ್ಳ ಭಾಗವೂ ಇದೇ.

ರೀಡುಗಳ ಮೇಲೆ 2, 2½, 3 ಎಂದು ಸಂಖ್ಯೆಗಳಿರುವವು. ಇವು ಗಡಸುತನವನ್ನು ಸೂಚಿಸುವವೇ ಹೊರತು ತರಗತಿಯನ್ನಲ್ಲ. ಸಂಖ್ಯೆ ದೊಡ್ಡದಾದರೆ ವಿದ್ಯೆಯೂ ದೊಡ್ಡದೆಂದು ಭಾವಿಸಿ ಮೊದಲ ವರುಷವೇ ಮೂರನೆಯದನ್ನು ಕೊಂಡು ತುಟಿ ನೋಯಿಸಿಕೊಂಡವರಿದ್ದಾರೆ. ಆರಂಭಕ್ಕೆ ಎರಡು, ಹೆಚ್ಚೆಂದರೆ ಎರಡೂವರೆ ಸಾಕು. ಒಂದೇ ರೀಡನ್ನು ಸವೆಸುವ ಬದಲು ಮೂರು ನಾಲ್ಕನ್ನು ದಿನಕ್ಕೊಂದರಂತೆ ಉಪಯೋಗಿಸಿದರೆ ಹೆಚ್ಚು ಬಾಳುವವು. ತುದಿ ಸೀಳಿದ ರೀಡನ್ನು ಉಳಿತಾಯಕ್ಕಾಗಿ ಇಟ್ಟುಕೊಳ್ಳಬೇಡಿರಿ. ಒಬ್ಬಳ ರೀಡನ್ನು ಇನ್ನೊಬ್ಬಳು ಬಾಯಿಗೆ ಇಡಕೂಡದೆಂಬದು ನಮ್ಮ ಬ್ಯಾಂಡಿನ ಕಟ್ಟುನಿಟ್ಟಾದ ನಿಯಮ. ಅಕ್ಕತಂಗಿಯರಿಗೂ ಇದರಲ್ಲಿ ರಿಯಾಯಿತಿಯಿಲ್ಲ.

ಬೆರಳುಗಳ ಕ್ರಮವು ನಿಜವಾಗಿಯೂ ಸುಲಭ. ಎಡಗೈಯ ತೋರುಬೆರಳೊಂದನ್ನೇ ಒತ್ತಿದರೆ ಬಿ, ನಡುಬೆರಳೂ ಕೂಡಿದರೆ ಏ, ಉಂಗುರಬೆರಳೂ ಕೂಡಿದರೆ ಜಿ ಎಂಬ ಸ್ವರಗಳು ಬರುವವು. ಮುಂದೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಸೇರಿಸುತ್ತ ಕೆಳಗಿಳಿಯಬೇಕು. ಎಡಗೈಯ ಹೆಬ್ಬೆರಳಿನ ಕೀಯನ್ನು ಒತ್ತಿದೊಡನೆ ಅದೇ ಬೆರಳುಗಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರಗಳು ದೊರೆಯುವವು. ಇದರ ಕೊಳವೆಯು ಕೆಳಗೆ ಹೋದಂತೆ ಅಗಲವಾಗುತ್ತ ಹೋಗುವದರಿಂದ ಈ ಸೌಕರ್ಯ; ನೇರ ಕೊಳವೆಯ ಕ್ಲಾರಿನೆಟ್ಟಿಗೆ ಇದಿಲ್ಲ. ಕಷ್ಟವಾಗುವದು ಅತಿ ಕೆಳಗಿನ ಸ್ವರಗಳಲ್ಲಿ. ಅಲ್ಲಿ ಎಲ್ಲ ರಂಧ್ರಗಳೂ ಪೂರ್ತಿಯಾಗಿ ಮುಚ್ಚಿರಬೇಕು. ಒಂದು ಪ್ಯಾಡಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಸ್ವರವು ಗುಳುಗುಳು ಎಂದು ಒಡೆಯುವದು. ಬಹಳ ಸಲ ಹುಡುಗಿಗೆ ಸಿಕ್ಕುವ ಬೈಗಳು ವಾದ್ಯಕ್ಕೆ ಸಲ್ಲತಕ್ಕದ್ದಾಗಿರುವದು! ಆದಕಾರಣ ಕೆಳಸ್ವರ ಬಾರದಿದ್ದರೆ ಮೊದಲು ಬ್ಯಾಂಡ್ ಮಾಸ್ತರರು ತಾವೇ ಊದಿ ನೋಡತಕ್ಕದ್ದೆಂದು ನಾವು ನಿಶ್ಚಯಿಸಿದ್ದೇವೆ.

ಇನ್ನೊಂದು ವಿಷಯವು ಮನೆಗಳಲ್ಲಿ ಜಗಳಕ್ಕೆ ಕಾರಣವಾಗಿದೆ. ಅಣ್ಣನು ಕೀಬೋರ್ಡಿನಲ್ಲಿಯೂ ತಂಗಿಯು ಸ್ಯಾಕ್ಸೋಫೋನಿನಲ್ಲಿಯೂ ಒಂದೇ ಪುಸ್ತಕವನ್ನು ನೋಡಿ ನುಡಿಸಿದರೆ ಎರಡೂ ಕೂಡುವದಿಲ್ಲ. ತಪ್ಪು ತಂಗಿಯದೆಂದು ತೀರ್ಪಾಗುವದು. ಇಬ್ಬರೂ ಸರಿಯೇ. ನಮ್ಮ ಬ್ಯಾಂಡಿನ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಕೇಳಿಬರುವದು ಈ ಫ್ಲ್ಯಾಟ್. ಟೆನರಿನಲ್ಲಿ ಬಿ ಫ್ಲ್ಯಾಟ್. ಹಾರ್ಮೋನಿಯಮಿನ ಬಿಳಿ ಒಂದು ಎಂಬ ಸ್ವರವು ಬೇಕಾದರೆ ಆಲ್ಟೋದವಳು ಏ ಎಂಬ ಬೆರಳನ್ನೂ ಟೆನರಿನವಳು ಡಿ ಎಂಬ ಬೆರಳನ್ನೂ ಹಿಡಿಯಬೇಕು. ಇದು ವಿಚಿತ್ರವೆಂದು ತೋರಿದರೂ ಇದರ ಲಾಭ ದೊಡ್ಡದು: ಆಲ್ಟೋ ಕಲಿತವಳು ಟೆನರನ್ನು ಎತ್ತಿಕೊಂಡರೆ ಬೆರಳುಗಳನ್ನು ಹೊಸದಾಗಿ ಕಲಿಯಬೇಕಾಗಿಲ್ಲ, ಶ್ರುತಿಯ ಭೇದವನ್ನು ಬರಹವೇ ಹೊತ್ತುಕೊಳ್ಳುವದು.

ಒಬ್ಬಳೇ ಊದುವದು ಒಂದು, ಸಾಲಿನಲ್ಲಿ ನಿಂತು ಊದುವದು ಇನ್ನೊಂದು. ಮೌತ್‌ಪೀಸನ್ನು ಕತ್ತಿನ ಬೆಂಡಿನ ಮೇಲೆ ಒಳಕ್ಕೆ ದೂಡಿದರೆ ಶ್ರುತಿ ಏರುವದು, ಹೊರಕ್ಕೆ ಎಳೆದರೆ ಇಳಿಯುವದು. ತಣ್ಣಗಿರುವ ವಾದ್ಯವು ತಗ್ಗಾಗಿಯೂ ಊದಿ ಬಿಸಿಯಾದದ್ದು ಏರಿಯೂ ನುಡಿಯುವದರಿಂದ ಬೆಳಿಗ್ಗೆ ಸರಿಮಾಡಿದ ಶ್ರುತಿಯು ಮೈದಾನದ ಬಿಸಿಲಿನಲ್ಲಿ ನಿಲ್ಲದು. ಮೊಬೈಲ್ ಫೋನಿನ ಮುಳ್ಳನ್ನು ನೋಡಿ ಶ್ರುತಿ ಸೇರಿಸುವದನ್ನು ಈಗಿನ ಮಕ್ಕಳು ಬೇಗನೆ ಕಲಿಯುತ್ತಾರೆ. ಪಕ್ಕದವಳನ್ನು ಕೇಳಿ ಸೇರಿಸುವದು ತಡವಾಗಿ ಬರುವದು, ಕವಾಯತಿನಲ್ಲಿ ಒದಗುವದು ಅದೊಂದೇ. ರಾಷ್ಟ್ರಗೀತೆಯು ಸುಮಾರು 52 ಸೆಕೆಂಡುಗಳದು. ಅಷ್ಟರೊಳಗೆ ಎಲ್ಲರೂ ಒಂದೇ ಸ್ಥಳದಲ್ಲಿ ಉಸಿರು ತೆಗೆದರೆ ನಡುವೆ ಕಂಡಿ ಬಿದ್ದಂತಾಗುವದು. ಆದಕಾರಣ ಯಾರು ಎಲ್ಲಿ ಉಸಿರು ತೆಗೆಯಬೇಕೆಂಬದನ್ನು ಪೆನ್ಸಿಲಿನಿಂದ ಗುರುತುಮಾಡಿ, ಒಬ್ಬಳು ನಿಲ್ಲಿಸುವಾಗ ನೆರೆಯವಳು ಹಿಡಿದಿರುವಂತೆ ಏರ್ಪಡಿಸುತ್ತೇವೆ. ನಡೆಯುತ್ತ ಊದುವದು ಎರಡನೆಯ ವರುಷದ ಪಾಠ. ಹೆಜ್ಜೆಯ ಕುಲುಕಿಗೆ ಮೌತ್‌ಪೀಸು ಹಲ್ಲಿಗೆ ಬಡಿಯುವದರಿಂದ ಮೊದಲ ವರುಷದವರನ್ನು ನಿಲ್ಲಿಸಿಯೇ ನುಡಿಸುವೆವು.

ಇನ್ನು ಮನೆಯ ಮಾತು. ಒಬ್ಬ ತಾಯಿ ನನ್ನ ಬಳಿಗೆ ಬಂದು, "ಟೀಚರೇ, ಮಗಳು ಊದಲಿ, ನಮಗೆ ಬೇಡವೆಂದಿಲ್ಲ. ಆದರೆ ಅದರ ಬಾಯಿಗೆ ಟವೆಲು ತುರುಕಿದರೂ ಸದ್ದು ಕಡಮೆಯಾಗುವದಿಲ್ಲವಲ್ಲ!" ಎಂದರು. ಆಕೆಯ ಸಂಕಟ ನ್ಯಾಯವಾದದ್ದೇ. ಈ ವಾದ್ಯದ ಧ್ವನಿಯು ಕೆಳಗಿನ ಅಗಲವಾದ ಬಾಯಿಯಿಂದ ಮಾತ್ರವಲ್ಲ, ತೆರೆದಿರುವ ಎಲ್ಲ ರಂಧ್ರಗಳಿಂದಲೂ ಹೊರಡುವದು. ಟವೆಲು ತುರುಕಿದರೆ ತೀರ ಕೆಳಗಿನ ಸ್ವರಗಳು ಕೆಡುವವೇ ಹೊರತು ಬೇರೇನೂ ಆಗದು. ಬಟ್ಟೆ ತುಂಬಿದ ಕಪಾಟನ್ನು ತೆರೆದು ಅದರ ಎದುರಿಗೆ ನಿಂತು ಊದಿದರೆ ಸದ್ದು ಸ್ವಲ್ಪ ಅಡಗುವದು. ಬರಿಗೋಡೆಯ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಊದುವದು ಹುಡುಗಿಯ ಕಿವಿಗೂ ಹಿತವಲ್ಲ. ಮನೆಯಲ್ಲಿ ಅನುಕೂಲವಿಲ್ಲದವರಿಗೆ ಸಾಯಂಕಾಲ ಪಾಠ ಮುಗಿದ ಮೇಲೆ ಶಾಲೆಯ ಹಾಲು ತೆರೆದಿರುವದು; ಈ ಸೌಕರ್ಯವನ್ನು ಉಪಯೋಗಿಸುವವರು ಇನ್ನೂ ಕಡಮೆ.

ಊದಿದರೆ ಎದೆ ದುರ್ಬಲವಾದೀತೆಂಬ ಭಯಕ್ಕೆ ಆಧಾರವಿಲ್ಲ. ಉಬ್ಬಸವಿರುವ ಮಕ್ಕಳು ಮಾತ್ರ ವೈದ್ಯರನ್ನು ಕೇಳಿ ಆರಂಭಿಸಲಿ. ಹಲ್ಲಿಗೆ ತಂತಿ ಹಾಕಿಸಿಕೊಂಡವರು ದಂತವೈದ್ಯರನ್ನು ಕೇಳಲಿ. ಆಲ್ಟೋ ಸುಮಾರು ಎರಡೂವರೆ ಕಿಲೋ ತೂಗುವದು. ಆ ಭಾರವನ್ನು ಕೊರಳಪಟ್ಟಿಯು ಹೊರಬೇಕು, ಬಲಗೈಯ ಹೆಬ್ಬೆರಳಲ್ಲ. ಪಟ್ಟಿಯ ಉದ್ದವನ್ನು ಸರಿಮಾಡಿ ವಾದ್ಯವನ್ನು ಬಾಯಿಗೆ ತರಬೇಕು. ಬಾಯನ್ನು ವಾದ್ಯಕ್ಕೆ ಬಗ್ಗಿಸಿದರೆ ಕುತ್ತಿಗೆ ನೋಯುವದು. ಹತ್ತನೆಯ ತರಗತಿಗೆ ಬಂದೊಡನೆ ಪರೀಕ್ಷೆಗಾಗಿ ಬ್ಯಾಂಡನ್ನು ಬಿಡಿಸುವ ಪೋಷಕರೊಡನೆ ನನಗೆ ಒಂದು ವಾದವಿದೆ. ಮೆರವಣಿಗೆಗಳನ್ನು ಬಿಡಿಸಿರಿ, ಒಪ್ಪುತ್ತೇನೆ. ಆದರೆ ಹತ್ತು ತಿಂಗಳು ವಾದ್ಯವನ್ನು ಮುಟ್ಟದಿದ್ದರೆ ತುಟಿಯು ಗಳಿಸಿದ್ದನ್ನು ಕಳೆದುಕೊಳ್ಳುವದು, ಮತ್ತು ಹಾಗೆ ಬಿಟ್ಟವರು ಪರೀಕ್ಷೆಯ ಮೇಲೆ ತಿರುಗಿ ಬರುವದು ಅಪರೂಪ. ದಿನಕ್ಕೆ ಹದಿನೈದು ನಿಮಿಷ ಬಿಟ್ಟುಕೊಟ್ಟರೆ ಅಂಕಗಳಿಗೆ ಕುಂದು ಬಾರದೆಂದು ನನ್ನ ನಂಬಿಕೆ.

ನಮ್ಮ ಕರಾವಳಿಯ ಮಳೆಗಾಲವು ಈ ವಾದ್ಯಕ್ಕೆ ಪರಮಶತ್ರು. ರಂಧ್ರಗಳನ್ನು ಮುಚ್ಚುವ ಪ್ಯಾಡುಗಳಿಗೆ ಚರ್ಮದ ಹೊದಿಕೆಯಿರುವದರಿಂದ ಅವು ತೇವವನ್ನು ಹೀರಿ ಉಬ್ಬಿ ಅಂಟಿಕೊಳ್ಳುವವು. ಊದಿದ ಮೇಲೆ ದಾರ ಕಟ್ಟಿದ ಬಟ್ಟೆಯನ್ನು ಒಳಗಿಂದ ಎಳೆದು ಒರಸಬೇಕು. ರೀಡನ್ನು ಬಿಚ್ಚಿ ಒಣಗಿಸಬೇಕು. ಅಂಟಿದ ಪ್ಯಾಡಿನ ಕೆಳಗೆ ತೆಳುಕಾಗದವನ್ನು ಇಟ್ಟು ಮೆಲ್ಲಗೆ ಒತ್ತಿ ತೆಗೆಯಬೇಕು. ಮೌತ್‌ಪೀಸನ್ನು ಬಿಸಿನೀರಿನಲ್ಲಿ ತೊಳೆಯಬಾರದು, ಎಬೊನೈಟು ಬಣ್ಣಗೆಡುವದು. ಸಿಹಿತಿಂಡಿ ತಿಂದವಳು ಬಾಯಿ ಮುಕ್ಕಳಿಸದೆ ಊದಕೂಡದು.

ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ. ಅಟ್ಟದ ಮೇಲೆ ಹಳೆಯ ಸ್ಯಾಕ್ಸೋಫೋನು ಯಾರ ಮನೆಯಲ್ಲಾದರೂ ಇದ್ದರೆ ಅದು ನಿರುಪಯೋಗವೆಂದು ಗುಜರಿಗೆ ಹಾಕಬೇಡಿರಿ. ಪ್ಯಾಡುಗಳು ಹರಿದಿದ್ದರೂ ಬೆಂಡು ಪುಡಿಯಾಗಿದ್ದರೂ ಅವನ್ನು ಹೊಸದಾಗಿ ಹಾಕಿಸಬಹುದು. ಕೊಳವೆಯು ನೆಗ್ಗದೆ, ಕೀಗಳ ಸಲಾಕೆಗಳು ಬಾಗದೆ ಇದ್ದರೆ ಸಾಕು. ಒಂದು ವಾದ್ಯಕ್ಕೆ ಇಬ್ಬರು ಹುಡುಗಿಯರು ದಿನ ಬಿಟ್ಟು ದಿನ ಕಾಯುತ್ತಿರುವಾಗ, ದಿನವೂ ಊದಬೇಕೆಂದು ನಾನು ಮೇಲೆ ಬರೆದದ್ದನ್ನು ಅವರು ಹೇಗೆ ಪಾಲಿಸಿಯಾರು? ಶಾಲೆಯ ಆಫೀಸಿಗೆ ತಿಳಿಸಿದರೆ ನಾವೇ ಬಂದು ತೆಗೆದುಕೊಂಡು ಹೋಗುವೆವು.