40ರ ಇನ್ಸುಲಿನ್, 100ರ ಸಿರಿಂಜು

ಗದಗ-ಬೆಟಗೇರಿಯ ಯಾವುದೇ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಇಬ್ಬರು ಬಸವ್ವ ಇರಬಹುದು. ಔಷಧಿ ಹಿಡಿದು ಬಂದ ನರ್ಸ್ "ನೀವು ಬಸವ್ವ ಅಲ್ಲೇನ್ರಿ?" ಎಂದರೆ, ಜ್ವರದ ಮಂಪರಿನಲ್ಲಿರುವ ನೀಲವ್ವನೂ "ಹೂಂ ರೀ" ಅಂದುಬಿಡುತ್ತಾಳೆ. ಆದ್ದರಿಂದ "ನಿಮ್ಮ ಹೆಸರೇನ್ರಿ?" ಎಂದೇ ಕೇಳಬೇಕು. ರೋಗಿಯ ಬಾಯಿಂದ ಬಂದ ಹೆಸರನ್ನೂ ಒಳರೋಗಿ ಸಂಖ್ಯೆಯನ್ನೂ ಕೇಸ್ ಶೀಟಿನೊಂದಿಗೆ ತಾಳೆ ನೋಡಬೇಕು. ಮಂಚದ ನಂಬರನ್ನು ನಂಬುವಂತಿಲ್ಲ, ಮಂಚ ಬದಲಾಗುತ್ತಲೇ ಇರುತ್ತದೆ.

ಸರಿಯಾದ ರೋಗಿ, ಔಷಧಿ, ಪ್ರಮಾಣ, ಮಾರ್ಗ, ವೇಳೆ. ನರ್ಸಿಂಗ್ ಕಲಿತವರಿಗೆಲ್ಲ ಈ 5 ಬಾಯಿಪಾಠ. ಆದರೂ ಪ್ರಮಾಣದಲ್ಲಿ ಎಡವಲು ದಾರಿಗಳು ಬಹಳ, ಅದರಲ್ಲೂ ಇನ್ಸುಲಿನ್‌ನಲ್ಲಿ. ನಮ್ಮ ದೇಶದಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಇದೆ, 100 ಯೂನಿಟ್ ಇರುವುದೂ ಇದೆ. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ವೈದ್ಯರು 20 ಯೂನಿಟ್ ಬರೆದಿದ್ದಾರೆ ಎನ್ನಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ರಕ್ತದ ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ಅದಲುಬದಲಾಗಿ 40ರ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜು ಸಿಕ್ಕರೆ ದೇಹಕ್ಕೆ ಹೋಗುವುದು ಬರೀ 8 ಯೂನಿಟ್. ಗೆರೆ ಎರಡರಲ್ಲೂ 20ನ್ನೇ ತೋರಿಸುತ್ತದೆ. ಆದ್ದರಿಂದ ಬಾಟಲಿಯ ಲೇಬಲ್ ಮತ್ತು ಸಿರಿಂಜಿನ ಮೇಲಿನ ಅಂಕಿ ಒಂದೇ ಇದೆಯೇ ಎಂದು ಇನ್ನೊಬ್ಬ ನರ್ಸ್ ಕೂಡ ನೋಡಬೇಕು.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಎದುರಾಗುವ ಅಪಾಯ ಬೇರೆ. ರಕ್ತದೊತ್ತಡ ಏರಿ ಫಿಟ್ಸ್ ಬಂದ ಗರ್ಭಿಣಿಯನ್ನು ಗದಗಿಗೆ ಕಳಿಸುವ ಮೊದಲು ಮೆಗ್ನೀಷಿಯಂ ಸಲ್ಫೇಟ್ ಕೊಡಬೇಕು. 1 ಗ್ರಾಂನ ಆಂಪೂಲ್ ಆದರೆ ಹತ್ತು: ಎರಡೂ ಪಿರ್ರೆಗಳ ಸ್ನಾಯುವಿಗೆ ಐದೈದು ಗ್ರಾಂ. ಜೀವ ಉಳಿಸುವ ಈ ಔಷಧಿ ಹೆಚ್ಚಾದರೆ ಮೊದಲು ಮೊಣಕಾಲಿನ ಪ್ರತಿವರ್ತನೆ ಅಡಗುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಅದಕ್ಕೇ ಮುಂದಿನ ಡೋಸಿಗೆ ಮೊದಲು ಮೊಣಕಾಲು ತಟ್ಟಿ ನೋಡಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಸಾಕಷ್ಟು ಬರುತ್ತಿದೆಯೇ ಎಂದು ಗಮನಿಸಬೇಕು. ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲೂಕೋನೇಟ್ ಕೈಗೆ ಸಿಗುವಂತಿರಬೇಕು. ಎಷ್ಟು ಗ್ರಾಂ, ಎಷ್ಟು ಗಂಟೆಗೆ ಕೊಟ್ಟೆವೆಂದು ರೆಫರಲ್ ಚೀಟಿಯಲ್ಲಿ ಬರೆಯದೆ ಆಂಬುಲೆನ್ಸ್ ಹತ್ತಿಸಿದರೆ, ಗದಗಿನಲ್ಲಿ ಅದೇ ಮೊದಲ ಡೋಸ್ ಮತ್ತೊಮ್ಮೆ ಬೀಳಬಹುದು. ಆ ಒಂದು ಸಾಲಿನ ಬರಹ ಇಂಜೆಕ್ಷನ್‌ನಷ್ಟೇ ಮುಖ್ಯ ಎಂದು ನಾನು ನಂಬುತ್ತೇನೆ.

ತಪ್ಪಾದಾಗ ನರ್ಸಿನ ಅಜಾಗರೂಕತೆ ಎಂದು ಬೈಯುವುದು ಸುಲಭ. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸುಗಳು ಔಷಧಿ ಕೊಡುವುದನ್ನು ನೇರವಾಗಿ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕೆಲಸದ ನಡುವೆ ಬಂದ ಪ್ರತಿಯೊಂದು ಅಡ್ಡಿಯ ಜೊತೆ ತಪ್ಪುಗಳು ಸುಮಾರು ಶೇ 12ರಷ್ಟು ಏರಿದ್ದು ಅದರಲ್ಲಿ ಕಂಡಿತು. ನಮ್ಮ ವಾರ್ಡುಗಳಲ್ಲಿ ಅಡ್ಡಿಗೇನು ಬರವೇ? ಒಬ್ಬರಿಗೆ ಸಲಾಯಿನ್ ಮುಗಿದಿದೆ, ಇನ್ನೊಬ್ಬರಿಗೆ ಡಿಸ್ಚಾರ್ಜ್ ಚೀಟಿ ಬೇಕು, ಮತ್ತೊಬ್ಬರು ಡಾಕ್ಟರ್ ಯಾವಾಗ ಬರುತ್ತಾರೆಂದು ಕೇಳುತ್ತಾರೆ.

ನಿಮ್ಮವರನ್ನು ಆಸ್ಪತ್ರೆಗೆ ಸೇರಿಸಿದಾಗ, ಸಿಸ್ಟರ್ ಸಿರಿಂಜಿಗೆ ಔಷಧಿ ಎಳೆಯುತ್ತಿದ್ದರೆ ದಯವಿಟ್ಟು ಮಾತಾಡಿಸಬೇಡಿ. ಅವರು ಮಂಚದ ಬಳಿ ಬಂದ ಮೇಲೆ "ಇದು ಯಾವ ಔಷಧಿ ರೀ, ಎಷ್ಟು?" ಎಂದು ಧಾರಾಳವಾಗಿ ಕೇಳಿ.