ವಿದ್ಯುದ್ವಾದ್ಯಗಳೂ ಮಿತವ್ಯಯವೂ

ಸಂಗೀತವು ನಮ್ಮ ಶಾಲೆಯ ಶಿಕ್ಷಣದಲ್ಲಿ ಮುಖ್ಯವಾದ ಸ್ಥಾನವನ್ನು ಪಡೆದಿರುವದೆಂಬದು ಹಳೆಯ ವಿದ್ಯಾರ್ಥಿನಿಯರಿಗೆ ತಿಳಿದ ಸಂಗತಿಯೇ ಆಗಿದೆ. ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಹಾರ್ಮೋನಿಯಮ್ಮಿನೊಡನೆ ಹಾಡಿದವರು ಇಂದು ತಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಸಿಂಥಸೈಸರ್ ಎಂಬ ಹೊಸ ವಾದ್ಯವನ್ನು ಕಾಣುತ್ತಿದ್ದಾರೆ. ಒಂದು ವಾದ್ಯವು ಮನೆಗೆ ಬಂದ ಕೆಲವು ತಿಂಗಳುಗಳಲ್ಲಿಯೇ ಮಗಳು ಎರಡನೆಯದನ್ನು ಬೇಡುವಳು. ಕೊಡಿಸಬೇಕೋ ಬೇಡವೋ, ಕೊಡಿಸುವದಾದರೆ ಯಾವದನ್ನು, ಎಂದು ತಾಯಿತಂದೆಗಳು ನಮ್ಮನ್ನು ಕೇಳುವದುಂಟು. ಶಾಲೆಯ ಸಂಗೀತದ ಕೊಠಡಿಗೆ ಕಾಣಿಕೆ ಕೊಡಲಿಚ್ಛಿಸುವವರ ಪ್ರಶ್ನೆಯೂ ಇದೇ. ವಿಚಾರಿಸದೆ ಕೊಂಡ ಎರಡನೆಯ ವಾದ್ಯವು ಮೊದಲನೆಯದರೊಡನೆ ಕೂಡಿ ನುಡಿಯದೆ ಎರಡೂ ಕಪಾಟನ್ನು ಸೇರಿದರೆ, ಹಾಳಾಗುವದು ಹಣ ಮಾತ್ರವಲ್ಲ. "ಹೆಣ್ಣುಮಗುವಿಗೆ ಇದೆಲ್ಲ ಯಾಕೆ?" ಎಂಬ ಮಾತು ಮನೆಯಲ್ಲಿ ಒಮ್ಮೆ ಹುಟ್ಟಿದರೆ ಅದನ್ನು ಅಳಿಸುವದು ಕಷ್ಟ. ಆದದರಿಂದ ಈ ವಿಷಯವನ್ನು ಸ್ವಲ್ಪ ವಿವರಿಸಲು ಯತ್ನಿಸುವೆವು.

ಹಾರ್ಮೋನಿಯಮ್ಮಿನಲ್ಲಿ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ಅಲುಗಿಸಿ ಸ್ವರವನ್ನುಂಟುಮಾಡುವದು. ಸಿಂಥಸೈಸರಿನಲ್ಲಿ ಗಾಳಿಯೂ ಇಲ್ಲ, ತಂತಿಯೂ ಇಲ್ಲ; ವಿದ್ಯುತ್ತಿನ ಏರಿಳಿತವೇ ಸ್ಪೀಕರಿನ ಮೂಲಕ ನಾದವಾಗುವದು. ಅದರ ಒಂದು ಭಾಗವು ಸ್ವರವನ್ನು ಹುಟ್ಟಿಸುವದು. ಇನ್ನೊಂದು ಅದರ ತೀಕ್ಷ್ಣತೆಯನ್ನು ಸೋಸುವದು. ಮತ್ತೊಂದು ಆ ಸ್ವರವು ಹೇಗೆ ಏರಿ ಹೇಗೆ ಅಡಗಬೇಕೆಂಬದನ್ನು ಗೊತ್ತುಮಾಡುವದು. ಅಮೇರಿಕದ ರಾಬರ್ಟ್ ಮೂಗ್ ಎಂಬವರು 1964ರಲ್ಲಿ ರಚಿಸಲಾರಂಭಿಸಿದ ಈ ಬಗೆಯ ಯಂತ್ರಗಳು ಕಪಾಟಿನಷ್ಟು ದೊಡ್ಡವಾಗಿದ್ದವು. ಅವುಗಳಲ್ಲೊಂದು 1969ರಲ್ಲಿಯೇ ನಮ್ಮ ದೇಶಕ್ಕೆ ಬಂದು, ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರ ನೆರವಿನಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿತವಾಯಿತು. ಅಂದು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿದ್ದದ್ದು ಇಂದು ಸಾಧಾರಣ ಕುಟುಂಬಕ್ಕೂ ಎಟಕುವಂತಾಗಿದೆ. ಜಪಾನಿನ ಕಾರ್ಗ್ ಕಂಪೆನಿಯವರು 2013ರಲ್ಲಿ ಹೊರತಂದ "ವೋಲ್ಕಾ ಕೀಸ್" ಎಂಬದು ಆರು ಸಣ್ಣ ಬ್ಯಾಟರಿಗಳಿಂದ ನಡೆಯುವ, ಪುಸ್ತಕದಷ್ಟೇ ದೊಡ್ಡದಾದ ಪೆಟ್ಟಿಗೆ. ಮನೆಯಲ್ಲಿ ಅಂಥದೊಂದು ಇದೆಯೆಂದು ಭಾವಿಸಿ ಮುಂದೆ ಹೇಳುವೆವು.

ಮೊದಲನೆಯದಾಗಿ, ಇರುವ ವಾದ್ಯದ ಕೊರತೆ ಯಾವದೆಂದು ಹೆಸರಿಟ್ಟು ಹೇಳಬೇಕು. "ಇನ್ನಷ್ಟು ನಾದ ಬೇಕು" ಎಂಬದು ಕೊರತೆಯಲ್ಲ, ಆಶೆ. ದೃಷ್ಟಾಂತವಾಗಿ, ಮೇಲೆ ಹೇಳಿದ ವಾದ್ಯವು ಏಕಕಾಲದಲ್ಲಿ ಮೂರು ಸ್ವರಗಳನ್ನು ಮಾತ್ರ ನುಡಿಸಬಲ್ಲದು. ನಮ್ಮ ಗಾನವೃಂದದವರು ನಾಲ್ಕು ಧ್ವನಿಗಳಲ್ಲಿ ಹಾಡುವ ಕೀರ್ತನೆಯನ್ನು ಅದರಲ್ಲಿ ಪೂರ್ಣವಾಗಿ ನುಡಿಸಲು ಸಾಧ್ಯವಿಲ್ಲ. ಇದು ನಿಜವಾದ ಕೊರತೆ. ಆದರೆ ಇದಕ್ಕೆ ಹೊಸ ವಾದ್ಯವೇ ಬೇಕೆಂದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಬೆಲೆಯಿಲ್ಲದ ತಂತ್ರಾಂಶದ ಸಹಾಯದಿಂದ ಒಂದೊಂದೇ ಧ್ವನಿಯನ್ನು ಮುದ್ರಿಸಿ, ಒಂದರ ಮೇಲೊಂದನ್ನು ಕೂಡಿಸಿದರೆ, ನಾಲ್ಕಲ್ಲ, ಎಂಟು ಧ್ವನಿಗಳನ್ನಾದರೂ ಕೇಳಬಹುದು. ಕಂಪ್ಯೂಟರಿನಲ್ಲಿ ಧ್ವನಿಯನ್ನು ಒಳಗೊಳ್ಳುವ ತೂತು ಇಲ್ಲದಿದ್ದರೆ ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡೊಂದು ಸಾಕು. ಹೀಗೆ ಮಾಡುವಾಗ ಹುಡುಗಿಯು ಪ್ರತಿಯೊಂದು ಧ್ವನಿಯನ್ನೂ ಬೇರೆ ಬೇರೆಯಾಗಿ ಕಲಿಯುವಳೆಂಬದು ಇನ್ನೊಂದು ಲಾಭ.

ಎರಡನೆಯದಾಗಿ, ಮನೆಯಲ್ಲಿ ಆಗಲೇ ಇರುವದನ್ನು ನೋಡಬೇಕು. ಚಿಕ್ಕ ಪೆಟ್ಟಿಗೆಯ ಮೇಲಿನ ಮಣೆಗಳು ಬೆರಳಿಗೆ ಸಾಲದೆ ಹೋಗುವದುಂಟು. ಅಣ್ಣನೋ ಅಕ್ಕನೋ ಕಲಿತು ಬಿಟ್ಟ ಹಳೆಯ ಕೀಬೋರ್ಡು ಅಟ್ಟದ ಮೇಲಿದ್ದರೆ ಅದನ್ನು ಇಳಿಸಿ, ಅದರ ಹಿಂಬದಿಯಲ್ಲಿ ಐದು ಸಣ್ಣ ರಂಧ್ರಗಳುಳ್ಳ ದುಂಡನೆಯ ತೂತೂ ಅದರ ಬಳಿ "ಮಿಡಿ ಔಟ್" ಎಂಬ ಬರಹವೂ ಇವೆಯೋ ಎಂದು ನೋಡಿರಿ. ಇದ್ದರೆ ಒಂದೇ ಕೇಬಲಿನಿಂದ ಅದನ್ನು ಚಿಕ್ಕ ವಾದ್ಯದ "ಮಿಡಿ ಇನ್" ತೂತಿಗೆ ಜೋಡಿಸಬಹುದು. ಆಗ ದೊಡ್ಡ ಮಣೆಗಳನ್ನು ಒತ್ತಿದರೆ ಚಿಕ್ಕ ಪೆಟ್ಟಿಗೆಯು ಹಾಡುವದು.

ಮಿಡಿ ಎಂಬದು 1983ರಲ್ಲಿ ಬಳಕೆಗೆ ಬಂದ ಒಂದು ಒಪ್ಪಂದ. ಅದಕ್ಕೆ ಮುಂಚೆ ಒಬ್ಬ ತಯಾರಕನ ವಾದ್ಯವು ಇನ್ನೊಬ್ಬನದರೊಡನೆ ಮಾತಾಡುವದು ಬಹಳ ಕಷ್ಟವಾಗಿತ್ತು. ಅಮೇರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಮೊದಲಾದವರ ಯತ್ನದಿಂದ ಪ್ರತಿಸ್ಪರ್ಧಿಗಳಾದ ಕಂಪೆನಿಗಳು ಒಂದೇ ಭಾಷೆಯನ್ನು ಒಪ್ಪಿಕೊಂಡವು. ಈ ಕೇಬಲಿನಲ್ಲಿ ನಾದವು ಹರಿಯುವದಿಲ್ಲ; ಯಾವ ಮಣೆಯನ್ನು ಎಷ್ಟು ಬಲವಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ಆಜ್ಞೆ ಮಾತ್ರ ಹರಿಯುವದು. ಒಂದು ಕೇಬಲಿನಲ್ಲಿ 16 ಕಾಲುವೆಗಳಿರುವದರಿಂದ ಹಲವು ವಾದ್ಯಗಳಿಗೆ ಬೇರೆ ಬೇರೆ ಆಜ್ಞೆ ಕೊಡಬಹುದು. ನಲವತ್ತು ವರುಷಗಳು ಕಳೆದರೂ ಅಂದಿನ ವಾದ್ಯವು ಇಂದಿನದರೊಡನೆ ಕೂಡಿ ನುಡಿಯುವದು. ಬಡವರಿಗೆ ಇದಕ್ಕಿಂತ ದೊಡ್ಡ ಉಪಕಾರವು ಬೇರೊಂದಿಲ್ಲ. ಆದರೆ ಒಂದು ಎಚ್ಚರಿಕೆ: ಯುಎಸ್‌ಬಿ ತೂತು ಮಾತ್ರವುಳ್ಳ ಎರಡು ವಾದ್ಯಗಳನ್ನು ನೇರವಾಗಿ ಜೋಡಿಸಿದರೆ ಸಾಮಾನ್ಯವಾಗಿ ಅವು ಮಾತಾಡುವದಿಲ್ಲ, ನಡುವೆ ಕಂಪ್ಯೂಟರೋ ಅದಕ್ಕೆಂದೇ ಮಾಡಿದ ಇನ್ನೊಂದು ಉಪಕರಣವೋ ಬೇಕಾಗುವದು. ಕೊಳ್ಳುವ ಮೊದಲು ಹಿಂಬದಿಯ ತೂತುಗಳನ್ನು ಪರೀಕ್ಷಿಸುವದು ಮುಂಬದಿಯ ಗುಂಡಿಗಳನ್ನು ಮೆಚ್ಚುವದಕ್ಕಿಂತ ಮುಖ್ಯವಾಗಿದೆ.

ಮೂರನೆಯದಾಗಿ, ಕೂಡಿಸುವ ಸಾಮಾನುಗಳಿಗೆ ಹಣವನ್ನು ಮುಂಚಿತವಾಗಿ ತೆಗೆದಿಡಬೇಕು. ಎರಡು ವಾದ್ಯಗಳಾದೊಡನೆ ಅವುಗಳ ನಾದವನ್ನು ಒಂದುಗೂಡಿಸಿ ಹದಮಾಡುವ ಮಿಕ್ಸರ್ ಬೇಕಾಗುವದು. (ಅಡಿಗೆಮನೆಯ ಮಿಕ್ಸರನ್ನು ನೆನೆದು ತಾಯಂದಿರು ನಗಬಾರದು, ಬೇರೆ ಬೇರೆ ಪದಾರ್ಥಗಳನ್ನು ಕೂಡಿಸುವ ಕೆಲಸವು ಎರಡರಲ್ಲಿಯೂ ಒಂದೇ.) ನಾಲ್ಕಾರು ತೂತುಗಳ ಚಿಕ್ಕದೊಂದು ಸಾಕು. ಒಳ್ಳೆಯ ಹೆಡ್‌ಫೋನ್ ಇದ್ದರೆ ರಾತ್ರಿಯಲ್ಲಿ ನೆರೆಯವರಿಗೆ ತೊಂದರೆಯಾಗದಂತೆ ಅಭ್ಯಾಸ ನಡೆಯುವದು. ಅಡಾಪ್ಟರಿನ ವಿಷಯದಲ್ಲಿ ಬಹಳ ಜಾಗ್ರತೆ ಅವಶ್ಯ: ಒಂದು ವಾದ್ಯಕ್ಕೆ 9 ವೋಲ್ಟು, ಇನ್ನೊಂದಕ್ಕೆ 12, ಒಂದರಲ್ಲಿ ಮುಳ್ಳಿನ ನಡುಭಾಗವು ಧನ, ಇನ್ನೊಂದರಲ್ಲಿ ಋಣ. ತೂತಿಗೆ ಸರಿಹೊಂದಿತೆಂದು ಸಿಕ್ಕಿದ ಅಡಾಪ್ಟರನ್ನು ಚುಚ್ಚಿದರೆ ವಾದ್ಯವು ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು. ಪ್ರತಿ ಅಡಾಪ್ಟರಿಗೂ ಅದರ ವಾದ್ಯದ ಹೆಸರನ್ನು ಬರೆದ ಚೀಟಿಯನ್ನು ಅಂಟಿಸಿದರೆ ಈ ಅಪಾಯವು ತಪ್ಪುವದು.

ಇಷ್ಟಾದ ಮೇಲೆ ಎರಡನೆಯ ವಾದ್ಯದ ಮಾತು. ಅದು ಮೊದಲನೆಯದರ ತಂಗಿಯಾಗಿರದೆ ಗೆಳತಿಯಾಗಿರಬೇಕು. ಎಂದರೆ, ಮೊದಲನೆಯದು ಮಾಡಲಾರದ ಕೆಲಸವನ್ನು ಮಾಡಬೇಕು. ರಾಗ ನುಡಿಸುವ ವಾದ್ಯವಿದ್ದರೆ ತಾಳದ ಪೆಟ್ಟಿಗೆಯನ್ನು ತರುವದು ಲೇಸು. ಮುಂಬಯಿಯ ಚಲಚ್ಚಿತ್ರ ಸಂಗೀತಗಾರರಾಗಿದ್ದ ಚರಣಜಿತ್ ಸಿಂಗರು 1982ರಲ್ಲಿ ಹತ್ತು ಹಿಂದುಸ್ತಾನಿ ರಾಗಗಳನ್ನು ಧ್ವನಿಮುದ್ರಿಸಿದಾಗ ಬಳಸಿದ್ದು ರೋಲಂಡ್ ಕಂಪೆನಿಯ ಮೂರು ಯಂತ್ರಗಳನ್ನು: ರಾಗಕ್ಕೆ ಒಂದು, ಮಂದ್ರಕ್ಕೆ ಒಂದು, ತಾಳಕ್ಕೆ ಒಂದು. ಆ ಮಂದ್ರದ ಪೆಟ್ಟಿಗೆಯಾದ ಟಿಬಿ-303 ಮಾರುಕಟ್ಟೆಯಲ್ಲಿ ಸೋತು, 1984ರಲ್ಲಿ ಅದರ ತಯಾರಿಕೆಯು ನಿಂತುಹೋಯಿತು. ಅನಂತರ ಅಮೇರಿಕದ ಶಿಕಾಗೋ ಪಟ್ಟಣದ ಯುವಕರು ಅದನ್ನು ಹಳೆಯ ಸಾಮಾನಾಗಿ ಕಡಿಮೆ ಬೆಲೆಗೆ ಕೊಂಡು, 1987ರ ಹೊತ್ತಿಗೆ ಹೊಸ ಸಂಗೀತ ಪದ್ಧತಿಯೊಂದನ್ನೇ ಹುಟ್ಟಿಸಿದರು. ಹಳೆಯದನ್ನು ಕೊಳ್ಳುವದು ನಾಚಿಕೆಯ ವಿಷಯವಲ್ಲ. ಆದರೆ ಪ್ರತಿ ಮಣೆಯನ್ನೂ ಒತ್ತಿ, ಪ್ರತಿ ಗುಂಡಿಯನ್ನೂ ತಿರುಗಿಸಿ, ಪ್ರತಿ ತೂತಿಗೂ ಕೇಬಲ್ ಹಾಕಿ, ಬ್ಯಾಟರಿಯ ಗೂಡಿನಲ್ಲಿ ಕಿಲುಬು ಹಿಡಿದಿದೆಯೋ ಎಂದು ನೋಡಿ, ಆಮೇಲೆ ಹಣ ಕೊಡಬೇಕು.

ಸಾಧನಗಳು ಕಡಿಮೆಯಿದ್ದರೆ ಕಲೆಯೂ ಕಡಿಮೆಯಾಗಬೇಕೆಂದಿಲ್ಲ. ಲಂಡನಿನ ಬಿಬಿಸಿಯಲ್ಲಿ 1958ರಲ್ಲಿ ವಿದ್ಯುನ್ನಾದದ ಕಾರ್ಯಾಗಾರವನ್ನು ಸ್ಥಾಪಿಸಿದವರಲ್ಲಿ ಡ್ಯಾಫ್ನಿ ಓರಮ್ ಎಂಬ ಮಹಿಳೆಯು ಒಬ್ಬರು. ಅಲ್ಲಿಗೆ ಅನಂತರ ಬಂದ ಡೀಲಿಯಾ ಡರ್ಬಿಶೈರರು ಕೇಂಬ್ರಿಜ್ಜಿನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದವರು. 1963ರಲ್ಲಿ "ಡಾಕ್ಟರ್ ಹೂ" ಎಂಬ ದೂರದರ್ಶನದ ಕಥೆಗೆ ರಾನ್ ಗ್ರೇನರರು ಬರೆದ ಸಂಗೀತವನ್ನು ನಾದರೂಪಕ್ಕೆ ತರುವ ಕೆಲಸವು ಅವರ ಪಾಲಿಗೆ ಬಂದಾಗ ಅವರ ಬಳಿ ಸಿಂಥಸೈಸರ್ ಇರಲಿಲ್ಲ. ಒಂದೊಂದು ಸ್ವರವನ್ನೂ ಟೇಪಿನ ಮೇಲೆ ಮುದ್ರಿಸಿ, ಅಳೆದು, ಕತ್ತರಿಸಿ, ಹೂವಿನ ಮಾಲೆಯಂತೆ ಜೋಡಿಸಿದರು. ಅರುವತ್ತು ವರುಷಗಳಾದರೂ ಜನರು ಆ ನಾದವನ್ನು ಮರೆತಿಲ್ಲ. ಇಂಥ ಸಹೋದರಿಯರ ಹೆಸರುಗಳನ್ನು ನಮ್ಮ ಹುಡುಗಿಯರು ಅರಿತಿರುವದು ಒಳ್ಳೇದು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟೇ. ಹತ್ತು ರೂಪಾಯಿಗಳಿದ್ದರೆ ಆರನ್ನು ವಾದ್ಯಕ್ಕೂ, ಮೂರನ್ನು ಕೇಬಲ್, ಮಿಕ್ಸರ್, ಹೆಡ್‌ಫೋನ್‌ಗಳಿಗೂ ಇಟ್ಟು, ಒಂದನ್ನು ರಿಪೇರಿಗಾಗಿ ಉಳಿಸಿರಿ. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಎಣಿಸುವನೆಂಬ ನಮ್ಮ ಕರ್ತನ ಸಾಮ್ಯವು ಇಲ್ಲಿಯೂ ಸಲ್ಲುವದು. ಮಗಳು ಇರುವ ವಾದ್ಯದಲ್ಲಿ ಒಂದು ಹಾಡನ್ನಾದರೂ ಮೊದಲಿಂದ ಕಡೆಯ ವರೆಗೆ ನುಡಿಸಿ, ಅದರ ಕೊರತೆಯನ್ನು ತನ್ನ ಮಾತಿನಲ್ಲಿ ವಿವರಿಸಬಲ್ಲಳಾದರೆ, ಆಕೆಯ ಬೇಡಿಕೆಯನ್ನು ಹಟವೆಂದೆಣಿಸದೆ ವಿದ್ಯೆಯೆಂದೆಣಿಸಿರಿ. ಸಂಗೀತದ ಕೊಠಡಿಗೆ ಕಾಣಿಕೆ ಕೊಡುವವರು ಒಂದು ಕೇಬಲನ್ನೇ ಕೊಟ್ಟರೂ ಅದನ್ನು ಅಲ್ಪವೆಂದು ಭಾವಿಸದಿರಲಿ. ಮೂಕವಾಗಿ ಬಿದ್ದಿರುವ ಎರಡು ವಾದ್ಯಗಳನ್ನು ಕೂಡಿ ಹಾಡಿಸುವದು ಆ ಕೇಬಲೇ ಆಗಿರಬಹುದು.