ಚಂಡಮಾರುತವನ್ನರಿಯದ ಕಡಲುಗಳಲ್ಲಿ ಚಂಡಮಾರುತ

ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟಿ ಪೂರ್ವತೀರವನ್ನು ಬಡಿಯುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ಹಿರಿಯರು ತಮ್ಮ ಕಾಲದಲ್ಲಿ ಒಮ್ಮೆಯೂ ಕಾಣದಂತಹ ಕಡಲುಗಳಲ್ಲಿಯೂ ಅವು ಒಮ್ಮೊಮ್ಮೆ ತಲೆದೋರುವುದುಂಟು. ಅಂತಹ ಸೀಮೆಯ ಜನರು ಸಿದ್ಧರಾಗಿರುವುದಿಲ್ಲವಾದುದರಿಂದ ಪೈರುಗಳಿಗೂ ಮನೆಗಳಿಗೂ ಬಹಳ ನಷ್ಟವುಂಟಾಗುತ್ತದೆ. "ನಮ್ಮ ಕಡೆ ಹಿಂದೆಂದೂ ಬಂದಿಲ್ಲ" ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಇಲ್ಲಿ ವಿಚಾರಿಸೋಣ.

ಚಂಡಮಾರುತವು ಹುಟ್ಟಲು ಸಾಮಾನ್ಯವಾಗಿ ಐದು ಅನುಕೂಲಗಳು ಕೂಡಿಬರಬೇಕು. ಮೊದಲನೆಯದಾಗಿ, ಕಡಲಿನ ನೀರು ಸುಮಾರು 26 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಬೆಚ್ಚಗಿದ್ದು, ಆ ಶಾಖವು ಸಾಕಷ್ಟು ಆಳದವರೆಗೂ ಇರಬೇಕು. ಎರಡನೆಯದಾಗಿ, ಮೇಲಣ ವಾಯುವಿನಲ್ಲಿ ತೇವವು ತುಂಬಿರಬೇಕು. ಮೂರನೆಯದಾಗಿ, ಕೆಳಗೆ ಬೀಸುವ ಗಾಳಿಗೂ ಮೇಲೆ ಬೀಸುವ ಗಾಳಿಗೂ ದಿಕ್ಕಿನಲ್ಲಾಗಲಿ ವೇಗದಲ್ಲಾಗಲಿ ಹೆಚ್ಚು ವ್ಯತ್ಯಾಸವಿರಕೂಡದು; ಇದ್ದರೆ ಏರುತ್ತಿರುವ ಮೋಡದ ರಾಶಿಯು ವಾಲಿ ಚದರಿಹೋಗುತ್ತದೆ. ನಾಲ್ಕನೆಯದಾಗಿ, ಭೂಮಿಯ ಭ್ರಮಣದಿಂದ ಗಾಳಿಗೆ ತಿರುವು ದೊರೆಯಬೇಕು. ವಿಷುವದ್ರೇಖೆಯ ಬಳಿ ಈ ತಿರುವು ಇಲ್ಲವೆನ್ನುವಷ್ಟು ಕಡಮೆ. ಐದನೆಯದಾಗಿ, ಗಾಳಿಯು ಸುತ್ತಲಾರಂಭಿಸಲು ಬೀಜದಂತಿರುವ ಒಂದು ವಾಯುಭಾರ ಕುಸಿತವು ಮೊದಲೇ ಇರಬೇಕು.

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಇವೆಲ್ಲವೂ ಒಟ್ಟಿಗೆ ಸೇರುವುದು ಬಹು ವಿರಳ. ಅಲ್ಲಿನ ನೀರು ಅಷ್ಟು ಬೆಚ್ಚಗಿಲ್ಲ. ಮೇಲಣ ಗಾಳಿಯೂ ಬಲವಾದುದು. ಹೀಗಿದ್ದರೂ 2004ನೆಯ ಇಸವಿ ಮಾರ್ಚಿಯಲ್ಲಿ ಬ್ರೆಜಿಲ್ ದೇಶದ ದಕ್ಷಿಣ ತೀರಕ್ಕೆ ಚಂಡಮಾರುತವೊಂದು ಬಂದಿತು. ಉಪಗ್ರಹಗಳಿಂದ ಕಡಲನ್ನು ಪರಿಶೀಲಿಸತೊಡಗಿದ ಮೇಲೆ ಆ ಸಾಗರದಲ್ಲಿ ಇಷ್ಟು ಬಲಿತುದು ಇದೇ ಮೊದಲು. ಆ ಕಡಲಿನ ಬಿರುಗಾಳಿಗಳಿಗೆ ಹೆಸರುಗಳ ಪಟ್ಟಿಯೇ ಇರಲಿಲ್ಲವಾದುದರಿಂದ, ಅದು ಹೊಡೆದ ಸಾಂತಾ ಕತರೀನಾ ಪ್ರಾಂತ್ಯದ ಹೆಸರಿನಿಂದ ಅದನ್ನು "ಕತರೀನಾ" ಎಂದು ಕರೆದರು.

ಇದು ಹುಟ್ಟಿದ ಬಗೆಯು ಗಮನಾರ್ಹವಾಗಿದೆ. ಆರಂಭದಲ್ಲಿ ಅದು ಶೀತಪ್ರದೇಶಗಳ ಕಡೆ ಏಳುವ ಸಾಧಾರಣ ಬಿರುಗಾಳಿಯಾಗಿತ್ತು. ಇಂತಹವು ವಾಡಿಕೆಯಂತೆ ಪೂರ್ವಕ್ಕೆ ಸಾಗಿ ಕಡಲಿನಲ್ಲಿಯೇ ಅಡಗುತ್ತವೆ. ಆದರೆ ಆ ಸಲ ಅಧಿಕ ವಾಯುಭಾರದ ಪ್ರದೇಶವೊಂದು ದಾರಿಗೆ ಅಡ್ಡವಾಗಿ ನಿಂತಿತು. ಬಿರುಗಾಳಿಯು ತಡೆದು, ನಿಧಾನವಾಗಿ ಪಶ್ಚಿಮಕ್ಕೆ ತಿರುಗಿತು. ಅಲ್ಲಿ ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇದ್ದ ವ್ಯತ್ಯಾಸವು ತಗ್ಗಿತ್ತು. ನೀರಿನ ಶಾಖವು ಸುಮಾರು 25 ಡಿಗ್ರಿಯಷ್ಟೇ ಇದ್ದರೂ ಮೇಲಣ ವಾಯುವು ಹೆಚ್ಚು ತಣ್ಣಗಿದ್ದ ಕಾರಣ, ಕೆಳಗಿನ ಆವಿಯು ಬಲವಾಗಿ ಮೇಲೇರಿತು. ಒಲೆಯ ಉರಿ ಎಷ್ಟೆಂಬುದು ಮಾತ್ರವಲ್ಲ, ಮೇಲಿನ ಚಳಿ ಎಷ್ಟೆಂಬುದೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಕೆಲವೇ ದಿನಗಳಲ್ಲಿ ಅದರ ನಡುವೆ "ಕಣ್ಣು" ಮೂಡಿತು.

ಮಾರ್ಚಿ 28ರಂದು ಅದು ದಡವನ್ನು ಮುಟ್ಟಿತು. ಗಾಳಿಯ ವೇಗವು ಗಂಟೆಗೆ ಸುಮಾರು 150 ಕಿಲೋಮೀಟರುಗಳನ್ನು ಮುಟ್ಟಿತ್ತು. ಸುಮಾರು 40,000 ಮನೆಗಳು ಜಖಂಗೊಂಡವು. ಆ ಸೀಮೆಯಲ್ಲಿ ಬಾಳೆಯ ಬೆಳೆಯು ಶೇಕಡಾ 85ರಷ್ಟೂ, ಬತ್ತದ ಬೆಳೆಯು ಶೇಕಡಾ 40ರಷ್ಟೂ ಹಾಳಾದುವೆಂದು ಅಂದಾಜು ಮಾಡಲಾಯಿತು. ಮುಂಚಿತವಾಗಿ ಎಚ್ಚರಿಸಿ ಜನರನ್ನು ಸ್ಥಳಾಂತರಿಸಿದ ಕಾರಣ ಪ್ರಾಣಹಾನಿಯು ಅಲ್ಪವಾಯಿತು.

ವಿಷುವದ್ರೇಖೆಯ ಸಮೀಪದಲ್ಲಿಯೂ ಒಂದು ನಿದರ್ಶನವುಂಟು. 2001ರ ಡಿಸೆಂಬರಿನಲ್ಲಿ "ವಾಮೆಯಿ" ಎಂಬುದು ಸಿಂಗಪುರದ ಬಳಿ, ಉತ್ತರ ಅಕ್ಷಾಂಶ ಸುಮಾರು ಒಂದೂವರೆ ಡಿಗ್ರಿಯಲ್ಲಿ ಹುಟ್ಟಿತು. ಭೂಮಿಯಿಂದ ದೊರೆಯದ ತಿರುವನ್ನು ಬೇರೆ ಗಾಳಿಗಳು ಒದಗಿಸಿದವು: ಇಕ್ಕಟ್ಟಾದ ದಕ್ಷಿಣ ಚೀಣಾ ಸಮುದ್ರದಲ್ಲಿ ಹಲವು ದಿನ ಎಡೆಬಿಡದೆ ಬೀಸಿದ ಈಶಾನ್ಯದ ಗಾಳಿಯು ಬೋರ್ನಿಯೋ ಕಡೆಯಿಂದ ಸರಿದು ಬಂದ ಸುಳಿಯನ್ನು ಬಲಪಡಿಸಿತು.

ಇನ್ನು ನಮ್ಮ ಅರಬ್ಬೀ ಸಮುದ್ರ. ಇಲ್ಲಿ ಮುಂಗಾರಿಗೆ ಮುಂಚೆಯೂ ಅನಂತರವೂ ಚಂಡಮಾರುತಗಳುಂಟು. 2021ರ ಮೇ ತಿಂಗಳಿನ "ತೌಕ್ತೆ"ಯು ಕರ್ನಾಟಕದ ಕರಾವಳಿಯನ್ನೂ ಬಾಧಿಸಿತು. ಆದರೆ ಮುಂಗಾರಿನ ನಡುವೆ, ಕೆಳಗೆ ಪಶ್ಚಿಮದ ಗಾಳಿಯೂ ಮೇಲೆ ಪೂರ್ವದ ಗಾಳಿಯೂ ಬೀಸುವುದರಿಂದ, ಅವು ಹುಟ್ಟುವುದೇ ಅಪರೂಪ. ಹೀಗಿರಲು 2024ರ ಆಗಸ್ಟ್ ಕೊನೆಯಲ್ಲಿ ನೆಲದ ಮೇಲೆ ಸಾಗಿ ಬಂದ ವಾಯುಭಾರ ಕುಸಿತವೊಂದು ಕಚ್ಛದಿಂದ ಕಡಲಿಗಿಳಿದು "ಅಸ್ನಾ" ಚಂಡಮಾರುತವಾಯಿತು. ಆ ಸಮುದ್ರದಲ್ಲಿ ಆಗಸ್ಟಿನಲ್ಲಿ ಹೀಗಾದುದು 1976ರ ತರುವಾಯ ಇದೇ ಮೊದಲು. ಅರಬ್ಬೀ ಸಮುದ್ರದ ನೀರು ಬಿಸಿಯೇರುತ್ತಿರುವುದೂ ಲಕ್ಷ್ಯದಲ್ಲಿಡತಕ್ಕ ವಿಷಯ.

ಆದಕಾರಣ ಚಂಡಮಾರುತವು ಸ್ಥಳದ ವಾಡಿಕೆಯನ್ನು ನೋಡಿ ಬರುವುದಿಲ್ಲ. ಅನುಕೂಲಗಳು ಕೂಡಿದಲ್ಲಿ ಬರುತ್ತದೆ. ಕರಾವಳಿಯ ಗ್ರಾಮ ಮುಖಂಡರು ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಕೂಡಲೆ ಅದನ್ನು ಮನೆಮನೆಗೂ ಮುಟ್ಟಿಸತಕ್ಕದ್ದು. ಜಮೀನುದಾರರು ಮಾಗಿದ ಬತ್ತವನ್ನು ಕೊಯ್ದು ಒಳಗೆ ಸೇರಿಸುವುದು, ಗೊನೆ ಬಿಟ್ಟ ಬಾಳೆಗೆ ಊರೆ ಕೊಡುವುದು, ಗದ್ದೆ ತೋಟಗಳ ಬಸಿಗಾಲುವೆಗಳನ್ನು ಬಿಡಿಸುವುದು, ದನಕರುಗಳನ್ನು ಭದ್ರವಾದ ಎತ್ತರದ ಸ್ಥಳಕ್ಕೆ ಸಾಗಿಸುವುದು, ಇವನ್ನು ತಡಮಾಡದೆ ನಡೆಸಬೇಕು. ನಡುವೆ ಗಾಳಿ ನಿಂತು ಬಾನು ತಿಳಿಯಾದರೆ ಅದು ಕಣ್ಣಿನ ಶಾಂತಿಯಿರಬಹುದು. ಮುಗಿಯಿತೆಂದು ಹೊರಗೆ ಹೊರಟವರಿಗೆ ಎದುರು ದಿಕ್ಕಿನಿಂದ ಅಷ್ಟೇ ರಭಸದ ಗಾಳಿಯು ಬಡಿಯುವುದು. ಇಲಾಖೆಯವರು ತಿಳಿಸುವವರೆಗೂ ಯಾರೂ ಆಶ್ರಯವನ್ನು ಬಿಡಕೂಡದು.